ಮೂವತ್ತೆಂಟು ಮಂದಿಯ ಒಂದೇ ಉತ್ತರ

ಡಬ್ಲಿನ್‌ನಲ್ಲಿರುವ ಮೂವತ್ತೆಂಟು ಕನ್ನಡಿಗರು ವಾರಕ್ಕೆ ಎರಡು ಸಲ ಲೈಬ್ರರಿಗೆ ಹೋಗುತ್ತಾರೆ. ಎಲ್ಲರೂ ತಲಾ ಮೂರು ಪುಸ್ತಕ ತರುತ್ತಾರೆ. ಎಲ್ಲರಿಗೂ ಅಲ್ಲಿನ ಸೇವೆ ‘ಅತ್ಯುತ್ತಮ’. ಒಬ್ಬರದೂ ದೂರಿಲ್ಲ!

ನಂಬುತ್ತೀರಾ? ನನಗೂ ನಂಬಿಕೆ ಬರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು ಮೂವತ್ತೆಂಟೂ ಉತ್ತರಗಳನ್ನು ಮತ್ತೊಮ್ಮೆ ನೋಡಿದೆ.

ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಒಂಬತ್ತು ವರ್ಷ ಪುಸ್ತಕಗಳಿಗೆ ಸೀಲು ಒತ್ತಿದವಳು ನಾನು. ಈಗ ಇಲ್ಲಿ ಗ್ರಂಥಾಲಯ ವಿಜ್ಞಾನದಲ್ಲೇ ಮಾಸ್ಟರ್ಸ್ ಓದುತ್ತಿದ್ದೇನೆ. (ನಲವತ್ತಕ್ಕೆ ಇದು ಬೇಕಿತ್ತಾ ಎಂದು ನೀವೂ ಕೇಳಬೇಡಿ, ಮನೆಯಲ್ಲಿ ದಿನಾ ಕೇಳುತ್ತಾರೆ.) ರಿಸರ್ಚ್ ಮೆಥಡ್ಸ್ ಎಂಬ ಪೇಪರಿಗೆ ಒಂದು ಸರ್ವೆ ಮಾಡಬೇಕಿತ್ತು: ನಮ್ಮವರು ಇಲ್ಲಿನ ಸಾರ್ವಜನಿಕ ಗ್ರಂಥಾಲಯವನ್ನು ಎಷ್ಟು ಬಳಸುತ್ತಾರೆ? ವರದಿಯನ್ನು ಸೋಮವಾರ ಕೊಡಬೇಕು. ಫೇಲಾದರೆ ಪದವಿ ಮುಂದಕ್ಕೆ ಹೋಗುತ್ತದೆ, ಅದರ ಬೆನ್ನಿಗೇ ವೀಸಾ ಚಿಂತೆ.

ಸರ್ವೆಯ ಫಾರಂ ಹಾಕಿದ್ದು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ. ಆ ಗ್ರೂಪಿಗೆಲ್ಲ ಹಿರಿಯರಾದ, ಸ್ಯಾಂಡಿಫರ್ಡ್ ಬಡಾವಣೆಯ ವಿಮಲಕ್ಕನಿಗೆ ಫೋನ್ ಮಾಡಿ, ಎಲ್ಲರ ಉತ್ತರವೂ ಒಂದೇ ಆಗಿದ್ದು ಹೇಗೆ ಎಂದು ಕೇಳಿದೆ.

“ನಾನೇ ಕಣೇ ಹೇಳಿದ್ದು! ಮೊದ್ಲು ನಾನು ತುಂಬ್ದೆ. ಸ್ಕ್ರೀನ್‌ಶಾಟ್ ತೆಗ್ದು ಒಬ್ಬೊಬ್ರಿಗೂ ಕಳ್ಸಿ, ಹಿಂಗೇ ಹಾಕಿ ಅಂದೆ. ಪಾಪ, ಹುಡುಗಿ ಪಾಸಾಗ್ಲಿ ಅಂತ.”

“ಅಕ್ಕಾ, ನೀವು ನಿಜವಾಗ್ಲೂ ಲೈಬ್ರರಿಗೆ ಹೋಗ್ತೀರಾ?”

“ಅಯ್ಯೋ, ಎಲ್ಲಿ ಪುರುಸೊತ್ತು? ಅದು ಎಲ್ಲೈತೆ ಅಂತಾನೂ ಗೊತ್ತಿಲ್ಲ.”

ಸಿಟ್ಟು ಮಾಡಿಕೊಳ್ಳುವುದು ಹೇಗೆ? ಹೋದ ತಿಂಗಳು ನನಗೆ ಜ್ವರ ಬಂದಾಗ ಟ್ರಾಮ್ ಹತ್ತಿ ಬಿಸಿ ಸಾರು ತಂದುಕೊಟ್ಟವರು ಇವರೇ.

ಒಂದು ದುರ್ಬುದ್ಧಿಯೂ ಬಂತು, ಮುಚ್ಚಿಡುವುದಿಲ್ಲ. ಅಲ್ಲೊಂದು ಇಲ್ಲೊಂದು ಉತ್ತರ ಬದಲಿಸಿಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಗ್ರಾಫ್ ಕೂಡ ಚೆಂದ ಬರುತ್ತದೆ! ಒಂದು ಉತ್ತರದ ಮೇಲೆ ಮೌಸ್ ಇಟ್ಟೂ ನೋಡಿದೆ. ಭಯಕ್ಕೋ ನಾಚಿಕೆಗೋ, ಕೊನೆಗೂ ಕೈ ಬರಲಿಲ್ಲ.

ಮರುದಿನ ನಮ್ಮ ಐರಿಶ್ ಗೈಡ್ ಮೇಡಂ ಮುಂದೆ ಎಲ್ಲವನ್ನೂ ಒದರಿದೆ. ಅವರು ಬೈಯಲಿಲ್ಲ. ಗ್ರೂಪಿಗೆ ಏನೆಂದು ಮೆಸೇಜ್ ಹಾಕಿದ್ದೆ ಎಂದು ಕೇಳಿದರು. ಇಂಗ್ಲಿಷಿಗೆ ತಿರುಗಿಸಿ ಓದಿದೆ: ‘ದಯವಿಟ್ಟು ಹೆಲ್ಪ್ ಮಾಡಿ, ನನ್ನ ಮಾರ್ಕ್ಸ್ ಇದರ ಮೇಲೇ ನಿಂತಿದೆ.’

“ಗ್ರ್ಯಾಂಡ್” ಎಂದರು ಮೇಡಂ. (ಇಲ್ಲಿ ಅದಕ್ಕೆ ‘ಪರವಾಗಿಲ್ಲ’ ಎಂದರ್ಥ; ಸೂರು ಸೋರಿದರೂ ಗ್ರ್ಯಾಂಡ್ ಎನ್ನುತ್ತಾರೆ.) “ನೀನು ಹೆಲ್ಪ್ ಕೇಳಿದೆ, ಅವರು ಮಾಡಿದರು. ತಪ್ಪು ಯಾರದು? ಇದನ್ನೇ ವರದಿಯಲ್ಲಿ ಬರಿ. ಪಾಸಾಗ್ತೀಯ ಅಂತ ಮಾತ್ರ ನಾನು ಮಾತು ಕೊಡಲಾರೆ.”

ಬರೆಯುತ್ತಿದ್ದೇನೆ. ಸೋಮವಾರ ನೆನೆದರೆ ಊಟ ಸೇರುವುದಿಲ್ಲ. ವಿಮಲಕ್ಕನಿಗೆ ಏನು ಹೇಳಲಿ ಎಂಬುದೂ ತೋಚುತ್ತಿಲ್ಲ. ಅವರು ದಿನಕ್ಕೆರಡು ಸಲ ‘ಪಾಸಾದ್ಯಾ?’ ಎಂದು ಮೆಸೇಜ್ ಮಾಡುತ್ತಾರೆ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ: ನಿಮ್ಮವರೊಬ್ಬರು ಕಷ್ಟವೆಂದು ಕೈಚಾಚಿದರೆ ನೀವು ನಿಜ ಹೇಳುತ್ತೀರೋ, ಸಹಾಯ ಮಾಡುತ್ತೀರೋ?