ಬಿಷಪ್ಪನ ಫೆಬ್ರವರಿ ಕಾಗದ

ಮೌಖಿಕ ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಭಾನುವಾರ ಬೆಳಗ್ಗೆ ಕ್ರೈಸ್ಟ್‌ಚರ್ಚ್‌ನ ನನ್ನ ಬಾಡಿಗೆ ಕೋಣೆಯಲ್ಲಿ ಪ್ರಬಂಧದ ಪುಟಗಳಿಗೆ ಬಣ್ಣದ ಚೀಟಿ ಅಂಟಿಸುತ್ತ ಕೂತಿದ್ದೆ. ಹ್ಯಾಮಿಲ್ಟನ್ ಊರಿನ ರೊಟೊಟೂನ ಬಡಾವಣೆಯಿಂದ ಅಮ್ಮನ ಫೋನ್ ಬಂತು.

“ಎಡವಟ್ಟಾಗೋಯ್ತು ಕಣೇ. ತಾತನ ತಿಥೀನ ತಪ್ಪು ದಿನ ಮಾಡ್ಬಿಟ್ಟಿದೀವಿ.”

ಪ್ರತಿ ವರ್ಷ ಮೈಸೂರಿನಿಂದ ಅತ್ತೆ ಹಬ್ಬ ಮತ್ತು ತಿಥಿಗಳ ಪಟ್ಟಿ ಕಳಿಸುತ್ತಾರೆ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ನಮಗೆ ಹೊತ್ತು ಮೊದಲೇ ಹುಟ್ಟುವುದರಿಂದ ಕೆಲವು ತಿಥಿಗಳು ಮರುದಿನಕ್ಕೆ ಹೋಗುತ್ತವೆ. ಯಾವುದಕ್ಕೆ ಒಂದು ದಿನ ಕೂಡಿಸಬೇಕೆಂದು ಅಮ್ಮ ನೋಡಿಕೊಂಡು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಈ ಸಲ ಅತ್ತೆ ಪುರೋಹಿತರಿಂದ ನ್ಯೂಜಿಲೆಂಡಿಗೇ ಪಟ್ಟಿ ಮಾಡಿಸಿ ಕಳಿಸಿದ್ದರು. ಅದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಅದರ ಮೇಲೆ ಇನ್ನೊಂದು ದಿನ ಕೂಡಿಸಿದ್ದಳು.

ಹಿಂದಿನಿಂದ ಅಪ್ಪನ ದನಿ ಕೇಳಿಸಿತು. “ನಮ್ಮಪ್ಪ ಹಿಂದಿನ ದಿನಾನೇ ಬಂದು, ಬೆಲ್ ಒತ್ತಿ, ಯಾರೂ ಇಲ್ಲ ಅಂತ ವಾಪಸ್ ಹೋಗಿರ್ತಾರೆ ಬಿಡು.”

“ನಿಮ್ಗೆ ಎಲ್ಲಾ ತಮಾಷೆ.”

“ಹೋಗ್ಲಿ ಬಿಡಮ್ಮ,” ಅಂದೆ. “ಯಾರಿಗೆ ಗೊತ್ತಾಗತ್ತೆ?”

“ನಂಗೆ ಗೊತ್ತಾಯ್ತಲ್ಲ?” ಅಮ್ಮ ರೇಗಿದಳು. “ಅವ್ರು ಸರಿ ಮಾಡಿ ಕಳ್ಸಿದ್ದನ್ನೇ ನಾನು ಇನ್ನೊಂದ್ಸಲ ಸರಿ ಮಾಡಿಟ್ಟೆ ನೋಡು.”

ಫೋನ್ ಇಟ್ಟ ಮೇಲೆ ನಾನು ಮತ್ತೆ ಚೀಟಿ ಅಂಟಿಸಲು ಕೂತೆ. ಎರಡು ಚೀಟಿ ಅಂಟಿಸಿ ನಿಲ್ಲಿಸಿದೆ. ಸರಿ ಮಾಡಿದ್ದನ್ನೇ ಇನ್ನೊಮ್ಮೆ ಸರಿ ಮಾಡಿದೆ ಎಂಬ ಅಮ್ಮನ ಮಾತಿಗೇ ಮನಸ್ಸು ಮರಳುತ್ತಿತ್ತು.

ನನ್ನ ಪ್ರಬಂಧ ಹದಿನೇಳನೆಯ ಶತಮಾನದ ಒಬ್ಬ ಇಂಗ್ಲಿಷ್ ಬಿಷಪ್ಪನ ಬಗ್ಗೆ. ಅವನು ಕೈಗವಸು ಹೊಲಿಯುವವನ ಮಗ. ಊರಿನ ಪಾದ್ರಿಯ ಶಿಫಾರಸಿನಿಂದ ಕೇಂಬ್ರಿಜ್ ಸೇರಿ, ಉಳ್ಳವರ ಮಕ್ಕಳ ಊಟದ ಮೇಜಿಗೆ ಬಡಿಸಿ ತನ್ನ ಓದು ಮುಗಿಸಿದವನು. ಒಳ್ಳೆಯ ಬೋಧಕನೆಂದು ಹೆಸರಾಯಿತು, ಆಸ್ಥಾನದಲ್ಲಿ ಉಪದೇಶ ಮಾಡಿದ, ನಡುವಯಸ್ಸಿನಲ್ಲಿ ಒಂದು ಬಡ ಪ್ರಾಂತಕ್ಕೆ ಬಿಷಪ್ ಆದ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡು ಬಿಷಪ್ ಪದವಿಯನ್ನೇ ರದ್ದು ಮಾಡಿದಾಗ ಮನೆ, ಪುಸ್ತಕ ಎಲ್ಲ ಕಳೆದುಕೊಂಡು ಹಳ್ಳಿಯೊಂದರ ಬಾಡಿಗೆ ಮನೆಯಲ್ಲಿ ಸತ್ತ. ಅವನ ಹೆಸರು ಅಷ್ಟಿಷ್ಟು ಉಳಿದಿರುವುದು ಮನಸ್ಸಾಕ್ಷಿಯ ಬಗ್ಗೆ ಬರೆದ ಒಂದು ದಪ್ಪ ಪುಸ್ತಕದಿಂದ. ಅದರಲ್ಲಿ ಸಾಮಾನ್ಯ ಜನರ ಇಕ್ಕಟ್ಟುಗಳನ್ನು ಪ್ರಶ್ನೆಯಾಗಿ ಬರೆದು ತಾನೇ ಉತ್ತರ ಕೊಡುತ್ತಾನೆ. ಹೆದರಿಸಿ ಪಡೆದ ಮಾತನ್ನು ಉಳಿಸಿಕೊಳ್ಳಬೇಕೆ? ಕುದುರೆ ಮಾರುವವನು, ಕೊಳ್ಳುವವನ ಕಣ್ಣಿಗೆ ಬೀಳದ ದೋಷವನ್ನು ತಾನಾಗಿ ಹೇಳಬೇಕೆ?

ಹ್ಯಾಮಿಲ್ಟನ್ನಿನ ಕನ್ನಡದವರ ಯುಗಾದಿ ಊಟದಲ್ಲಿ ಆಂಟಿಯೊಬ್ಬರು ತಟ್ಟೆ ಹಿಡಿದುಕೊಂಡೇ ಕೇಳಿದ್ದರು. “ಪಾದ್ರಿ ಮೇಲೆ ಪಿಎಚ್‌ಡಿನಾ? ನಮ್ಮಲ್ಲೇನು ಆಚಾರ್ಯರಿಗೆ ಬರವಾ? ನೋಡ್ಕೊಳಮ್ಮ, ನಾಳೆ ನಮ್ ತಲೆಗೂ ಚರ್ಚಿನ ನೀರು ಹಾಕ್ಬಿಟ್ಟೀಯ.” ನಾನು ನಕ್ಕೆ. ಆ ಬಿಷಪ್ ನನಗೆ ಇಷ್ಟ, ಅವನು ಜನರ ಸಣ್ಣ ಹೆದರಿಕೆಗಳನ್ನು ಅಷ್ಟು ನಿಧಾನವಾಗಿ ಕೂತು ನೋಡುತ್ತಾನೆ ಎಂದು ಹೋಳಿಗೆಯ ಸಾಲಿನಲ್ಲಿ ನಿಂತು ಹೇಳುವುದು ಹೇಗೆ?

ಅವನ ಮೇಲೆ ಒಂದು ಕಳಂಕವಿತ್ತು. ಕಾಲೇಜಿನಿಂದ ಜೊತೆಗಿದ್ದ ಗೆಳೆಯನೊಬ್ಬ, ಹಠಮಾರಿ ಬೋಧಕ, ಚರ್ಚಿನ ನಿಯಮಗಳನ್ನು ಒಪ್ಪದೆ ಒಂದು ಅಕ್ಟೋಬರಿನಲ್ಲಿ ಸೆರೆಯಾದ. ಕ್ರಿಸ್‌ಮಸ್‌ಗೆ ಮೊದಲೇ ಜೈಲಿನಲ್ಲಿ ಸತ್ತ. ಗೆಳೆಯ ಬರೆದಿದ್ದ ಖಾಸಗಿ ಪತ್ರಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಅವನನ್ನು ಹಿಡಿದುಕೊಟ್ಟವನು ಬಿಷಪ್ಪನೇ ಎಂದು ವಿರೋಧಿಗಳು ಬರೆದರು. ಅದಕ್ಕೆ ದಾಖಲೆ ಇರಲಿಲ್ಲ. ದಾಖಲೆ ನನಗೆ ಸಿಕ್ಕಿತು, ಅದೂ ಈ ಊರಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದ ಪಾದ್ರಿಯೊಬ್ಬ ತನ್ನ ಮನೆತನದಲ್ಲಿದ್ದ ಬಿಷಪ್ಪನ ಕಾಗದಗಳನ್ನು ಹಡಗು ಹತ್ತುವ ಮೊದಲು ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡಿದ್ದ. ಮೂಲ ಕಾಗದಗಳು ಆಮೇಲೆ ಸುಟ್ಟುಹೋದವು. ನೋಟ್‌ಬುಕ್ ಒಂದು ಸಣ್ಣ ಚರ್ಚ್ ಗ್ರಂಥಾಲಯದಲ್ಲಿ, ಈ ಊರಿನ ದೊಡ್ಡ ಭೂಕಂಪದ ನಂತರ ತುಂಬಿಟ್ಟ ಪೆಟ್ಟಿಗೆಯಲ್ಲೇ ಇತ್ತು. ಅದರಲ್ಲಿ ಫೆಬ್ರವರಿಯ ಒಂದು ಕಾಗದ: ಗೆಳೆಯನ ಪತ್ರಗಳ ಕಟ್ಟನ್ನು ಇದರ ಜೊತೆ ಒಪ್ಪಿಸುತ್ತಿದ್ದೇನೆ ಎಂದು ಬಿಷಪ್ ನ್ಯಾಯಾಲಯಕ್ಕೆ ಬರೆದದ್ದು.

ಯಾವ ಫೆಬ್ರವರಿ? ಎಲ್ಲವೂ ಅದರ ಮೇಲೆ ನಿಂತಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷ ಜನವರಿಯಲ್ಲಿ ಬರುತ್ತಿರಲಿಲ್ಲ. ಮಾರ್ಚ್ ಇಪ್ಪತ್ತೈದಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ ಬರುತ್ತಿತ್ತು. ಹಾಗಾಗಿ ಜನವರಿ, ಫೆಬ್ರವರಿಯ ಕಾಗದಗಳ ಮೇಲೆ ಹಳೆಯ ವರ್ಷವೇ ಇರುತ್ತದೆ. ಈಗಿನ ಲೆಕ್ಕಕ್ಕೆ ತರಲು ಒಂದು ವರ್ಷ ಕೂಡಿಸಬೇಕು. ಇದು ಈ ವಿಷಯ ಓದುವವರಿಗೆಲ್ಲ ಮೊದಲ ವಾರವೇ ಗೊತ್ತಾಗುವ ಸಂಗತಿ. ನಾನು ಕಾಗದಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಹಾಕಿ, ಒಂದು ಕಾಲಂ ಮಾಡಿ, ಆ ತಿಂಗಳುಗಳಿಗೆಲ್ಲ ಒಂದೇ ಸಲಕ್ಕೆ ಒಂದು ವರ್ಷ ಕೂಡಿಸಿದ್ದೆ. ಆಗ ಫೆಬ್ರವರಿಯ ಕಾಗದ ಗೆಳೆಯ ಸತ್ತು ಎರಡು ತಿಂಗಳಾದ ಮೇಲೆ ಬಂದು ಕೂತಿತು. ಸತ್ತವನಿಗೆ ಯಾವ ಕಾಗದದಿಂದಲೂ ಕೇಡಿಲ್ಲ. ಬಿಷಪ್ ನಿರ್ದೋಷಿ. ನನ್ನ ನಾಲ್ಕನೆಯ ಅಧ್ಯಾಯ ಇದೇ. ಪದವಿ ಅದರ ಮೇಲೆ ನಿಂತಿತ್ತು. ಪದವಿಯ ಮೇಲೆ, ಮುಂದಿನ ವರ್ಷ ವಿಭಾಗದಲ್ಲಿ ನನಗೆ ಸಿಗಲಿದ್ದ ಪಾಠದ ಕೆಲಸ.

ಆ ಭಾನುವಾರ ನನ್ನ ತಲೆಗೆ ಬಂದದ್ದು ಇಷ್ಟು: ನಕಲು ಮಾಡಿದ ಪಾದ್ರಿಯೂ ವರ್ಷಗಳನ್ನು ಆಗಲೇ ಸರಿ ಮಾಡಿದ್ದರೆ?

ನೋಟ್‌ಬುಕ್ಕಿನ ಪುಟಗಳ ಫೋಟೋಗಳು ನನ್ನ ಹತ್ತಿರ ಇದ್ದವು. ಪರೀಕ್ಷಿಸಲು ಒಂದು ಕಾಗದ ಸಾಕಿತ್ತು. ತನ್ನ ಗುರು ತೀರಿಕೊಂಡಾಗ ಬಿಷಪ್ ಗುರುವಿನ ಹೆಂಡತಿಗೆ ಜನವರಿಯಲ್ಲಿ ಬರೆದ ಸಾಂತ್ವನದ ಪತ್ರ. ಹೋದ ತಿಂಗಳು ಆದ ಸಾವು ಎಂದು ಅದರಲ್ಲಿದೆ. ಗುರುವಿನ ಸಮಾಧಿಯ ಕಲ್ಲು ಈಗಲೂ ಇದೆ, ಸತ್ತ ತಿಂಗಳೂ ವರ್ಷವೂ ಎಲ್ಲರಿಗೂ ಗೊತ್ತು. ನೋಟ್‌ಬುಕ್ಕಿನಲ್ಲಿದ್ದ ವರ್ಷಕ್ಕೆ ಏನೂ ಕೂಡಿಸದಿದ್ದರೆ ಎರಡೂ ತಾಳೆಯಾಗುತ್ತವೆ. ನನ್ನ ಕಾಲಂ ಪ್ರಕಾರ ಬಿಷಪ್ ಹದಿಮೂರು ತಿಂಗಳ ಹಿಂದಿನ ಸಾವನ್ನು ಹೋದ ತಿಂಗಳಿನದು ಎನ್ನುತ್ತಿದ್ದ. ಈ ಪತ್ರವನ್ನು ನಾನು ಎಷ್ಟೋ ಸಲ ಓದಿದ್ದೆ, ಅದರ ಮೆದುವಾದ ಭಾಷೆಯನ್ನು ಹೊಗಳಿ ಒಂದು ಪ್ಯಾರಾ ಬರೆದಿದ್ದೆ.

ಸೋಮವಾರ ಗ್ರಂಥಾಲಯ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ನೋಟ್‌ಬುಕ್ಕಿನ ರಟ್ಟಿಗೆ ಅಂಟಿಕೊಂಡಂತಿದ್ದ ಮೊದಲ ಹಾಳೆಯನ್ನು ಖಾಲಿ ಎಂದುಕೊಂಡು ನಾನು ಫೋಟೋ ತೆಗೆದಿರಲಿಲ್ಲ. ಈಗ ಅದನ್ನು ಮೆಲ್ಲಗೆ ಬಿಡಿಸಿದೆ. ಹಿಂಬದಿಯಲ್ಲಿ ಪೆನ್ಸಿಲಿನ ಎರಡು ಸಾಲು. ಓದುವವರಿಗೆ ಗೊಂದಲವಾಗದಿರಲೆಂದು ವರ್ಷಗಳನ್ನೆಲ್ಲ ಇಂದಿನ ಲೆಕ್ಕಕ್ಕೆ ತಿದ್ದಿದ್ದೇನೆ ಎಂದು ನಕಲು ಮಾಡಿದ ಪಾದ್ರಿ ಬರೆದಿಟ್ಟಿದ್ದ.

ಅಂದರೆ ಫೆಬ್ರವರಿಯ ಕಾಗದ ಗೆಳೆಯ ಸೆರೆಯಾಗುವುದಕ್ಕೆ ಎಂಟು ತಿಂಗಳು ಮೊದಲಿನದು. ವಿರೋಧಿಗಳು ಬರೆದದ್ದು ನಿಜ.

“ಗುರುವಾರ ಅಲ್ಲವೇ ಪರೀಕ್ಷೆ?” ಗ್ರಂಥಪಾಲಕಿ ನಗುತ್ತ ಕೇಳಿದರು. “ಈಗಲೂ ಓದುತ್ತಿದ್ದೀರಾ? ಹೋಗಿ ನಿದ್ದೆ ಮಾಡಿ.” ಆ ಹಾಳೆಯ ಫೋಟೋ ತೆಗೆದುಕೊಂಡು, ನೋಟ್‌ಬುಕ್ ಹಿಂದಿರುಗಿಸಿ ಬಂದೆ. ಬಸ್ಸಿನಲ್ಲಿ ಆ ಫೋಟೋವನ್ನು ಅಳಿಸಿಹಾಕುವುದು ಎಷ್ಟು ಸುಲಭ ಎಂದು ಯೋಚಿಸಿದೆ. ಯೋಚಿಸಿದೆ ಅಷ್ಟೇ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಬೆರಳು ಅಳಿಸುವ ಗುರುತಿನ ಮೇಲೆ ಎರಡು ಸ್ಟಾಪ್‌ಗಳ ತನಕ ಇತ್ತು.

ಮಂಗಳವಾರ ಮನೆಗೆ ಫೋನ್ ಮಾಡಿ ಹೇಳಿದೆ. ಮನೆಯಲ್ಲಿ ನನ್ನ ಪ್ರಬಂಧದ ಮಾತು ನಾನಾಗಿ ಎತ್ತಿದ್ದು ಬಹುಶಃ ಅದೇ ಮೊದಲು.

“ಆ ನೋಟ್‌ಬುಕ್ ಇರೋದು ಅಲ್ಲೊಂದೇ ಕಡೆನಾ?” ಅಪ್ಪ ಕೇಳಿದರು.

“ಹೂಂ.”

“ಎಕ್ಸಾಮಿನರ್ ನೋಡಿದಾರಾ?”

“ಇಲ್ಲಪ್ಪ. ನಾನು ಕೊಟ್ಟ ನಕಲು ಬಿಟ್ರೆ ಅವ್ರ ಹತ್ರ ಏನೂ ಇಲ್ಲ.”

“ಮತ್ತೆ ಯಾಕೆ ಹೇಳಕ್ಕೋಗ್ತೀಯಾ?” ಅಮ್ಮ ನಡುವೆ ಬಂದಳು. “ಗುರುವಾರ ಪಾಸಾಗ್ಲಿ. ಆಮೇಲೆ ಮೆತ್ತಗೆ ತಿದ್ಕೊ.”

“ಭಾನುವಾರ ನೀನೇ ಅಂದ್ಯಲ್ಲ, ನಂಗೆ ಗೊತ್ತಾಯ್ತಲ್ಲ ಅಂತ.”

“ಅದು ನಿಮ್ ತಾತಂದು. ಇವ್ನು ಯಾವನೋ ಪಾದ್ರಿ. ಸತ್ತು ಮಣ್ಣಾಗಿ ಎಷ್ಟು ಕಾಲ ಆಯ್ತೋ, ಅವ್ನಿಗೋಸ್ಕರ ಬಂದ ಕೆಲ್ಸ ಕಳ್ಕೋತೀಯಾ?”

ಅಪ್ಪ ಈ ಸಲ ತಮಾಷೆ ಮಾಡಲಿಲ್ಲ. “ಪುರೋಹಿತ್ರು ಏನಂದ್ರು ಅಂತ ಅವ್ಳಿಗೆ ಹೇಳು,” ಅಂದರು.

“ಅಮಾವಾಸ್ಯೆ ದಿನ ಮತ್ತೆ ಮಾಡಿ ಅಂದ್ರು. ಮಾಡೋದೇ, ಇನ್ನೇನು,” ಅಂದು ಅಮ್ಮ, ಊಟ ಆಯ್ತಾ ಎಂದು ಕೇಳಿದಳು.

ಬುಧವಾರ ನನ್ನ ಮಾರ್ಗದರ್ಶಕಿಯ ಕೋಣೆಗೆ ಹೋದೆ. ಅವರು ಫೋಟೋ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ನಾನೂ ನೋಡಬೇಕಿತ್ತು,” ಅಂದರು. “ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ನಿರ್ಧಾರ ಮಾಡಿಕೊಂಡು ಒಳಗೆ ಹೋಗು. ಪ್ರಶ್ನೆಯ ನಡುವೆ ನಿರ್ಧಾರ ಮಾಡಬೇಡ.”

ಗುರುವಾರ ಬಿಸಿ ವಾಯವ್ಯ ಗಾಳಿ ಬೀಸುತ್ತಿತ್ತು. ಕಿಟಕಿಯ ಗಾಜು ಅದುರಿದಾಗಲೆಲ್ಲ ಭೂಕಂಪ ಕಂಡ ಈ ಊರಿನವರು ಈಗಲೂ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಕೋಣೆಯಲ್ಲಿ ನಾನು, ಮಾರ್ಗದರ್ಶಕಿ, ಇಬ್ಬರು ಪರೀಕ್ಷಕರು, ನಾಲ್ವರೂ ನಿಲ್ಲಿಸಿದೆವು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಬಿಳಿ ಹುಬ್ಬು, ಪ್ರಬಂಧದ ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತು. ಗಾಜು ಸುಮ್ಮನಾದ ಮೇಲೆ ಅವರು, “ನಾಲ್ಕನೆಯ ಅಧ್ಯಾಯದಿಂದ ಶುರು ಮಾಡೋಣ. ನಾನು ಬಹಳ ದಿನಗಳಿಂದ ಓದಿದ್ದರಲ್ಲಿ ಇಷ್ಟು ಚಂದದ ವಾದ ಇರಲಿಲ್ಲ,” ಅಂದರು.

ಆ ಹೊಗಳಿಕೆಯನ್ನು ಒಂದು ಗಳಿಗೆ ಇಟ್ಟುಕೊಂಡೆ.

“ಆ ಅಧ್ಯಾಯದ ತಾರೀಖು ತಪ್ಪು,” ಅಂದೆ. ಫೋಟೋದ ಮೂರು ಪ್ರತಿಗಳನ್ನು ಮೇಜಿನ ಮೇಲೆ ಸರಿಸಿದೆ.

ಬಿಳಿ ಹುಬ್ಬಿನವರು ಓದಿದರು. ಇನ್ನೊಮ್ಮೆ ಓದಿದರು. “ನಿಮಗೆ ಯಾವಾಗ ಗೊತ್ತಾಯಿತು?”

“ಭಾನುವಾರ ಸಂಶಯ ಬಂತು. ಸೋಮವಾರ ಖಚಿತವಾಯಿತು.”

“ನೀವು ಹೇಳದಿದ್ದರೆ ನನಗೆ ತಿಳಿಯುವ ದಾರಿಯೇ ಇರಲಿಲ್ಲ.”

“ಗೊತ್ತು.”

“ಬಿಷಪ್ ತನ್ನ ಪುಸ್ತಕದಲ್ಲಿ ಆ ಕುದುರೆ ಮಾರುವವನಿಗೆ ಏನು ಉತ್ತರ ಕೊಡುತ್ತಾನೆ?”

“ಹೇಳಬೇಕು ಅನ್ನುತ್ತಾನೆ. ಕೊಳ್ಳುವವನಿಗೆ ಕಾಣಲಾರದ ದೋಷವಾದರೆ, ಅವನು ಕೇಳುವ ಮೊದಲೇ.”

“ಅದನ್ನು ಬರೆದದ್ದು ಯಾವಾಗ?”

“ಗೆಳೆಯ ಸತ್ತ ಮೇಲೆ,” ಅಂದೆ. ಆ ತಾರೀಖಿನಲ್ಲಿ ಮಾತ್ರ ನನಗೆ ಸಂಶಯವಿರಲಿಲ್ಲ.

ಹೊರಗೆ ಕೂರಿಸಿದರು. ಅರ್ಧ ಗಂಟೆ ಕಾರಿಡಾರಿನ ನೀರಿನ ಯಂತ್ರದ ಗುರುಗುಟ್ಟು ಕೇಳುತ್ತ ಕೂತಿದ್ದೆ. ಕರೆದು ಹೇಳಿದರು: ಅಧ್ಯಾಯವನ್ನೂ ಸಮಾರೋಪವನ್ನೂ ಹೊಸದಾಗಿ ಬರೆಯಬೇಕು, ಒಂದು ವರ್ಷದ ಒಳಗೆ ಮತ್ತೊಮ್ಮೆ ಪರೀಕ್ಷೆ. ಪದವಿ ಇಲ್ಲದೆ ಪಾಠದ ಕೆಲಸ ಇಲ್ಲ. ಮರುವಾರ ಅದು ಬೇರೆಯವರಿಗೆ ಹೋಯಿತು. ಅಮ್ಮ ಎರಡು ದಿನ ನನ್ನ ಜೊತೆ ಬಿಗಿಯಾಗಿ ಮಾತಾಡಿದಳು. ಅಮಾವಾಸ್ಯೆಯ ದಿನ ತಾತನ ತಿಥಿ ಮಾಡಿ, ಎಲೆಯ ಫೋಟೋ ಕಳಿಸಿದಳು.

ಆ ಸಂಜೆ ಸ್ಪ್ರೆಡ್‌ಶೀಟ್ ತೆರೆದು ಆ ಕಾಲಂ ತೆಗೆದುಹಾಕಿದೆ. ಜನವರಿ, ಫೆಬ್ರವರಿಯ ಕಾಗದಗಳೆಲ್ಲ ಒಂದು ವರ್ಷ ಹಿಂದೆ ಸರಿದವು. ಏಪ್ರಿಲಿನವು ಅಲುಗಲಿಲ್ಲ. ಹೊಸ ವರ್ಷ ಹುಟ್ಟಿದ ಮೇಲಿನ ಕಾಗದಗಳಾದ್ದರಿಂದ ಅವಕ್ಕೆ ನಾನು ಎಂದೂ ಏನೂ ಕೂಡಿಸಿರಲಿಲ್ಲ. ಅವುಗಳಲ್ಲಿ ಒಂದು, ಗೆಳೆಯ ಸೆರೆಯಾದ ವರ್ಷದ್ದು, ಬಿಷಪ್ ಅವನಿಗೇ ಬರೆದದ್ದು: ಈಸ್ಟರ್ ಕಳೆದ ಮೇಲೆ ಊಟಕ್ಕೆ ಬಾ, ಹಳೆಯ ಹಾಗೆ ಕೂತು ಓದೋಣ, ದಾರಿ ಕೆಸರಾಗಿದೆ, ನನ್ನ ಕುದುರೆ ಕಳಿಸುತ್ತೇನೆ. ಇವರ ಗೆಳೆತನಕ್ಕೆ ಸಾಕ್ಷಿಯೆಂದು ಇದನ್ನು ಪ್ರಬಂಧದಲ್ಲಿ ಎರಡು ಕಡೆ ಬಳಸಿದ್ದೆ. ಈಗ ಅದು ಫೆಬ್ರವರಿಯ ಕಾಗದಕ್ಕೂ ಅಕ್ಟೋಬರಿನ ಸೆರೆಗೂ ನಡುವೆ ಬಂದು ನಿಂತಿತು. ಪತ್ರಗಳ ಕಟ್ಟನ್ನು ಒಪ್ಪಿಸಿ ಎರಡು ತಿಂಗಳಾಗಿದ್ದಾಗ ಅವನು ಗೆಳೆಯನನ್ನು ಊಟಕ್ಕೆ ಕರೆದಿದ್ದ.

ಹೊಸ ಅಧ್ಯಾಯವನ್ನು ಆ ಕುದುರೆಯಿಂದ ಶುರು ಮಾಡಿದ್ದೇನೆ.