ದೊಡ್ಡಪ್ಪನ ಪಾತ್ರಕ್ಕೆ ಇಟ್ಟ ಹೆಸರು

ತಂಗಿ ಬೇರೆ ಜಾತಿಯ ಹುಡುಗನನ್ನು ಮದುವೆಯಾದಾಗ ದೊಡ್ಡಪ್ಪ ನಮ್ಮ ಜಗಲಿಯ ಮೇಲೆ ಕೂತು, ಅವಳು ಇನ್ನು ಈ ಹೊಸ್ತಿಲು ತುಳಿಯಕೂಡದು, ಮನೆಯವರು ಯಾರೂ ಅವಳನ್ನು ಮಾತಾಡಿಸಕೂಡದು ಎಂದು ತೀರ್ಪು ಕೊಟ್ಟರು. ಕೂಗಾಡಲಿಲ್ಲ. ಅವರು ಬೀಡಿ ಮುಟ್ಟಿದವರಲ್ಲ, ಯಾರಿಗೂ ಕೆಟ್ಟ ಮಾತಾಡಿದವರಲ್ಲ, ಊರಿಗೆಲ್ಲ ನ್ಯಾಯ ಹೇಳುವವರು.

"ನಾನೇನು ನನಗೋಸ್ಕರ ಹೇಳ್ತಾ ಇದ್ದೀನಾ? ಧರ್ಮ ಉಳೀಬೇಕಲ್ಲಪ್ಪ" ಎಂದರು. ಅಪ್ಪ ತಲೆಯಾಡಿಸಿದ. ಅವ್ವ ಒಳಗೆ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದಳು, ಹಾಕುತ್ತಲೇ ಇದ್ದಳು. ತಂಗಿ ರಾಮನಗರದಲ್ಲಿ ಸಂಸಾರ ಹೂಡಿದಳು. ಅವಳಿಗೆ ಮಗುವಾಯಿತು. ಕುದೂರಿನ ಕಡೆಯ ನಮ್ಮೂರಿನಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಹೋಗಿಬರಬಹುದಾದಷ್ಟು ದೂರ. ಅವ್ವ ಮೊಮ್ಮಗಳ ಮುಖ ನೋಡಿರಲಿಲ್ಲ.

ನಮ್ಮೂರ ಗಂಡಸರು ವರ್ಷಕ್ಕೊಂದು ನಾಟಕ ಆಡುತ್ತಾರೆ. ಆ ಸಲ ಬರೆಯುವ ಕೆಲಸ ಮೇಷ್ಟರಾದ ನನಗೆ ಬಿತ್ತು. ಧರ್ಮದ ಹೆಸರಲ್ಲಿ ಮನೆಮಗಳನ್ನು ಹೊರಗಿಡುವ ಹಿರಿಯನೊಬ್ಬನ ಕಥೆ ಬರೆದೆ. ದೊಡ್ಡಪ್ಪನ ಎದುರು ನಿಂತು ಮಾತಾಡುವ ಎದೆ ನನಗಿರಲಿಲ್ಲ. ನಾಟಕ ನೋಡಿಯಾದರೂ ಕರಗಲಿ, ಅವ್ವ ಮಗುವನ್ನು ಎತ್ತಿಕೊಳ್ಳಲಿ ಎಂಬ ಆಸೆ. ನಾಟಕ ಕಲಿಸುವ ಹಾರ್ಮೋನಿಯಂ ಮಾಸ್ತರು ಓದಿ, ಪುಸ್ತಕ ಮುಚ್ಚಿದರು.

"ಇದ್ಯಾರು ಅಂತ ಊರಿಗೆಲ್ಲ ತಿಳೀತದೆ ಮೇಷ್ಟ್ರೆ, ಹೊಡೆದಾಟ ಆಗೋಯ್ತದೆ. ಹಳೇ ಕಾಲದ ಯಾವ್ದಾರ ಪಂಥದ ಹೆಸರು ಇಟ್ಬುಡಿ."

ಕಾಪಾಲಿಕ ಎಂದು ಇಟ್ಟೆ. ಅವರ ಬಗ್ಗೆ ನನಗೆ ಗೊತ್ತಿದ್ದುದು ಬೂದಿ, ಬುರುಡೆ, ಇಷ್ಟೇ. ಅದನ್ನೂ ಹೆಚ್ಚಾಗಿ ಬರೆದಿಟ್ಟವರು ಅವರನ್ನು ಕಂಡರಾಗದವರು ಎಂದು ಆಮೇಲೆ ಓದಿದೆ. ಜಗಳಕ್ಕೆ ಬರಲು ಅವರ ಕಡೆಯವರು ಯಾರೂ ಉಳಿದಿಲ್ಲವಲ್ಲ, ಅದೇ ನನಗೆ ಅನುಕೂಲವಾಯಿತು. ಸತ್ತವರ ತಲೆಯ ಮೇಲೆ ಗೂಬೆ ಕೂರಿಸಿದೆ. ಮಾತು ಮಾತ್ರ ದೊಡ್ಡಪ್ಪನದೇ ಉಳಿಸಿಕೊಂಡೆ. ಬುರುಡೆ ಮಾಲೆಯನ್ನು ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಮರದಲ್ಲಿ ಮಾಡಿಸಿ ತಂದವರೂ ದೊಡ್ಡಪ್ಪನೇ.

ಶಾಲೆ ಬಯಲಿನಲ್ಲಿ ಸಂಜೆ ಆಟ. ದೊಡ್ಡಪ್ಪ ಮುಂದಿನ ಸಾಲಿನಲ್ಲಿದ್ದರು. ಬೂದಿ ಬಳಿದುಕೊಂಡ ಪಾತ್ರಧಾರಿ "ನಾನೇನು ನನಗೋಸ್ಕರ ಹೇಳ್ತಾ ಇದ್ದೀನಾ?" ಎಂದಾಗ ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಪಕ್ಕದವನ ಕಡೆ ತಿರುಗಿ, "ಇಂಥ ಪಾಪಿಗಳಿಂದ್ಲೇ ಕಣ್ಲಾ ದೇಶ ಕೆಟ್ಟಿದ್ದು" ಎಂದರು. ನಾಟಕದ ಮಗಳು ಬಾಗಿಲಾಚೆ ನಿಂತು ಅಳುವಾಗ ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡರು. ನಿಜವಾಗಿಯೂ ಅತ್ತರು. ಕೊನೆಗೆ ನನಗೆ ಶಾಲು ಹೊದಿಸಿದರು, ನಾನು ಕಾಲಿಗೆ ಬಿದ್ದೆ.

ಬಯಲಿನ ಅಂಚಿನಲ್ಲಿ, ರಸ್ತೆಗೆ ಹತ್ತಿರ, ತಂಗಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಶಾಲು ಹೊದ್ದೇ ಅವಳ ಹತ್ತಿರ ಹೋದೆ.

"ಚೆನ್ನಾಗಿತ್ತು ಕಣಣ್ಣ. ಆ ಬೂದಿ ಬುರುಡೆ ಯಾಕೆ? ಒಂದು ಬಿಳೀ ಪಂಚೆ ಉಡಿಸಿದ್ರೆ ಸಾಕಾಗಿತ್ತು" ಎಂದಳು. ಆಮೇಲೆ, "ಅವ್ವನ್ನ ಒಸಿ ಕರೀತೀಯಾ? ಮಗೀನ ತೋರಿಸ್ಬುಟ್ಟು ಹೊಂಟೋಯ್ತೀನಿ."

ತಿರುಗಿ ನೋಡಿದೆ. ಹೆಂಗಸರ ನಡುವೆ ಅವ್ವ ನಮ್ಮ ಕಡೆಯೇ ನೋಡುತ್ತಿದ್ದಳು. ಆ ಗುಂಪಿನ ಪಕ್ಕದಲ್ಲೇ ದೊಡ್ಡಪ್ಪ ನಿಂತಿದ್ದರು.

"ಈಗ ಬ್ಯಾಡ ಕಣವ್ವ, ಬಸ್ಸು ಹೊಂಟೋಯ್ತದೆ" ಎಂದೆ.

ಅವಳು ಅದೇ ಬಸ್ಸಿಗೆ ಹೋದಳು. ಯುಗಾದಿಗೆ ಮೊದಲೇ ಅವ್ವ ತೀರಿಕೊಂಡಳು, ಮೊಮ್ಮಗಳನ್ನು ಆ ದೂರದಿಂದ ಕಂಡದ್ದಷ್ಟೇ.