ಸಾತಪ್ಪ ಉಪದೇಶಿ ಹಾಕಿದ ಸವಾಲು

ದಡ್ಡಿಯ ಸಾತಪ್ಪ ಉಪದೇಶಿಗೆ ಹೊಟ್ಟೆಕಿಚ್ಚು ಬಹಳ ಎಂದು ಯಾರಾದರೂ ಅಂದರೆ ಅದನ್ನು ಚಾಡಿ ಎನ್ನುವಂತಿರಲಿಲ್ಲ. ಅವನೇ ಪ್ರಾರ್ಥನೆಯ ಕೂಟದಲ್ಲಿ ಎದ್ದು ನಿಂತು, "ನನಗ ಹೊಟ್ಟಿಕಿಚ್ಚ ಐತ್ರಿ. ದೇವರ ಮುಂದ ಮುಚ್ಚಿಟ್ರ ಮುಚ್ಚತೈತೇನು?" ಎಂದು ಒಪ್ಪಿಕೊಳ್ಳುತ್ತಿದ್ದ. ಒಪ್ಪಿಕೊಂಡು ಕೂತ ಮೇಲೆ ಮತ್ತೆ ಮೊದಲಿನಂತೆಯೇ ಉರಿಯುತ್ತಿದ್ದ. ಪಕ್ಕದೂರಿನ ಉಪದೇಶಿಯ ಕೋಟು, ಹುಕ್ಕೇರಿ ಸಭೆಯ ಗಂಟೆ, ಕೊನೆಗೆ ಪಾದ್ರಿ ಸಾಹೇಬರ ಗಡ್ಡವನ್ನೂ ಅವನ ಹೊಟ್ಟೆ ಬಿಟ್ಟಿರಲಿಲ್ಲ. ಅವೆಲ್ಲ ಚಿಲ್ಲರೆ ಕಿಚ್ಚು ಅನ್ನಿ. ಮನುಷ್ಯನನ್ನು ಸುಡುವಂಥದ್ದು ಅವನಿಗೆ ಹತ್ತಿದ್ದು ಐವತ್ತು ದಾಟಿದ ಮೇಲೆ, ದಾನಿಯೇಲ ಎಂಬ ಎಳೆ ಮಾಸ್ತರನಿಂದ.

ಸಾತಪ್ಪನ ಆಸ್ತಿ ಅಂತ ಇದ್ದದ್ದು ಒಂದೇ, ಅವನ ಸೃಷ್ಟಿಯ ಪದ. ಕ್ರೈಸ್ತನಾಗುವ ಮೊದಲು ಅವನು ಗೀಗೀ ಮೇಳದ ಮುಂದಾಳು. ದಪ್ಪು ಬಡಿಯುತ್ತ ನಿಂತರೆ ಹುಕ್ಕೇರಿಯಿಂದ ಮೂಡಲಗಿಯವರೆಗೆ ಅವನ ಸವಾಲಿಗೆ ಜವಾಬು ಕೊಡುವವರು ಬೆರಳೆಣಿಕೆಯ ಮಂದಿ. ದೀಕ್ಷಾಸ್ನಾನವಾದಾಗ ಮಿಶನ್ನಿನವರು ಅವನ ಹೆಸರನ್ನು ಸಾಮುವೇಲ ಎಂದು ಬದಲಿಸಿದರು, ದಪ್ಪನ್ನು ಮಾತ್ರ ಬಿಡಿಸಲಾಗಲಿಲ್ಲ. ಹೆಸರಾದರೂ ಎಲ್ಲಿ ನಿಂತಿತು? ಊರ ಬಾಯಲ್ಲಿ ಸಾತಪ್ಪ ಸಾತಪ್ಪನೇ. ದೇವರು ಆರು ದಿನದಲ್ಲಿ ಲೋಕ ಮಾಡಿದ ಕಥೆಯನ್ನು ಅವನು ಹಳೆಯ ಗೀಗೀ ಮಟ್ಟಿನಲ್ಲಿ ಕಟ್ಟಿದ:

ಮೊದಲನೆ ದಿನಕ ಬೆಳಕ ಮಾಡ್ಯಾನ, ಮರುದಿನ ಮುಗಿಲ ಹಾಸ್ಯಾನ,
ಮೂರನೆ ದಿನಕ ಮಣ್ಣ ತೋರ್ಯಾನ, ಹಸರ ಹುಲ್ಲ ಬಿತ್ತ್ಯಾನ...

ಹಿಂದೆ ನಿಂತು ಹೆಂಡತಿ ಉದ್ದವ್ವ ತಾಳ ಹಾಕುವಳು, ಅವಳ ತಮ್ಮ ಯಲ್ಲಾರಿ ತುಂತುಣಿ ಮೀಟುವನು, ಇಬ್ಬರೂ ಪ್ರತಿ ಸಾಲನ್ನೂ ಎತ್ತಿಕೊಂಡು 'ಜೀ ಜೀ' ಎನ್ನುವರು. ಪದದ ಕೊನೆಗೆ ಈ ಭೂಮಿಗೆ ಬರೀ ಆರು ಸಾವಿರ ವರ್ಷ ಎಂದು ದಪ್ಪು ಜೋರಾಗಿ ಬಡಿದು ಸಾರುತ್ತಿದ್ದ. ಪಾದ್ರಿ ಸಾಹೇಬರ ದೊಡ್ಡ ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಆ ಲೆಕ್ಕದ ಇಸವಿ ಅಚ್ಚಾಗಿತ್ತು. ಅಚ್ಚಾದದ್ದು ಎಲ್ಲಾದರೂ ಸುಳ್ಳಾಗುತ್ತದೆಯೇ!

ಪ್ರತಿ ಬೇಸಿಗೆಯಲ್ಲಿ ಹೊಳೆ ಧುಮುಕುವ ಗೋಕಾಕದ ಧಬಧಬೆಯ ಮೇಲಿನ ಹಾಸುಬಂಡೆಯ ಮೇಲೆ ಸಭೆಯವರ ಕೂಟ ಆಗುತ್ತಿತ್ತು. ಹೊಳೆ ಬತ್ತಿ ಬಂಡೆ ಬಯಲಾದ ಕಾಲ ಅದು. ಹಳ್ಳಿಹಳ್ಳಿಯಿಂದ ಚಕ್ಕಡಿಯಲ್ಲಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕೂಟ ಶುರುವಾಗುತ್ತಿದ್ದದ್ದೇ ಸಾತಪ್ಪನ ಪದದಿಂದ. ಅವನ ದಪ್ಪಿನ ಹುಚ್ಚಿಗೆ ಬೇರೆ ಧರ್ಮದವರೂ ಬರುತ್ತಿದ್ದರು. ಕಲ್ಲೋಳಿಯ ಮುದುಕ ಸೋಮಪ್ಪ ಹಣೆತುಂಬ ವಿಭೂತಿ ಧರಿಸಿ ಮುಂದಿನ ಸಾಲಿನಲ್ಲೇ ಕೂಡುವನು. "ನಿಮ್ಮ ದೇವರ ನಿಮಗಿರ್ಲಿ ಸಾತಪ್ಪಾ, ನನಗ ನಿನ್ನ ದಪ್ಪ ಸಾಕು," ಎನ್ನುವನು. ಆ ಒಂದು ದಿನಕ್ಕಾಗಿಯೇ ಸಾತಪ್ಪ ವರ್ಷವಿಡೀ ಬದುಕುತ್ತಿದ್ದ ಎಂದರೂ ನಡೆದೀತು.

ಅಂಥದರಲ್ಲಿ ಮೂಡಲಗಿ ಕಡೆಯ ಮಿಶನ್ ಶಾಲೆಗೆ ದಾನಿಯೇಲ ಮಾಸ್ತರ ಬಂದ. ಸಣಕಲ ದೇಹ, ಕಣ್ಣಿಗೆ ಕನ್ನಡಕ, ದೂರದ ಊರಿನಲ್ಲಿ ದೇವರ ವಾಕ್ಯ ಓದಿಕೊಂಡು ಬಂದವನು. ಅವನೂ ಸೃಷ್ಟಿಯ ಪದ ಕಟ್ಟಿದ್ದಾನೆ, ಅದನ್ನು ಸಾತಪ್ಪನ ಮಟ್ಟಿನಲ್ಲೇ ಹಾಡುತ್ತಾನೆ ಎಂಬ ಸುದ್ದಿ ಬಂತು. ಹಾಡಿದರೆ ಹಾಡಿಕೊಳ್ಳಲಿ. ಆದರೆ ಅವನ ದನಿ! ಕೇಳಿ ಬಂದವರೆಲ್ಲ, "ಜೇನ ತುಪ್ಪ ಐತ್ರಿ, ಜೇನ ತುಪ್ಪ," ಎಂದು ಸಾತಪ್ಪನ ಮುಂದೆಯೇ ಹೇಳುವರು. ಇವರಿಗೆ ಹೇಳಲು ಬೇರೆ ಮನೆ ಸಿಗಲಿಲ್ಲವೇ?

ಒಂದು ದಿನ ದಾನಿಯೇಲನೇ ಸೈಕಲ್ಲಿನ ಹಿಂದೆ ಒಂದು ಕಲ್ಲು ಕಟ್ಟಿಕೊಂಡು ದಡ್ಡಿಗೆ ಬಂದ. ಸಾತಪ್ಪನ ಕಾಲು ಮುಟ್ಟಿದ. "ಕಾಕಾ, ನಿಮ್ಮ ಪದ ಕೇಳಿ ಕೇಳಿನ ನಾ ಹಾಡಾಕ ಕಲ್ತೇನಿ," ಎಂದ. ಉದ್ದವ್ವ ಅವನಿಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿದಳು. ಗಂಡನಿಗೆ ಇಡುವುದಕ್ಕಿಂತ ಒಂದು ರೊಟ್ಟಿ ಹೆಚ್ಚು ಹಾಕಿದಳೆಂದು ಸಾತಪ್ಪನ ಕಣ್ಣಿಗೆ ಕಂಡಿತು. ಉಂಡು ಕೈತೊಳೆದು ಅವನು ಕಲ್ಲು ಬಿಚ್ಚಿ ಕಟ್ಟೆಯ ಮೇಲಿಟ್ಟ. ಕಲ್ಲಿನ ಮೈಮೇಲೆ ಸೀರೆಯ ನಿರಿಗೆಯಂತೆ ಸಾಲು ಸಾಲು ಅಲೆಯ ಗುರುತು.

"ಅಯ್ಯ, ಹೊಳಿ ದಂಡಿ ಉಸುಕಿನ ಮ್ಯಾಲ ನೀರ ಆಡಿದ್ಹಾಂಗ ಐತಲ್ಲಪಾ!" ಎಂದಳು ಉದ್ದವ್ವ.

"ಹೌದಬೇ ಕಾಕೂ. ಗೋಕಾಕದ ಹಾಸಬಂಡಿಯಿಂದ ಒಡದ ಬಿದ್ದ ಚೂರಿದು. ಒಂದ ಕಾಲದಾಗ ಉಸುಕ ಇತ್ತು, ಈಗ ಕಲ್ಲಾಗೇತಿ. ಉಸುಕ ಕಲ್ಲಾಗಬೇಕಂದ್ರ ಆರು ಸಾವಿರ ವರ್ಷ ಎಲ್ಲಿ ಸಾಕು? ದೇವರ ಒಂದ ದಿನ ಅಂದ್ರ ನಮ್ಮ ಒಂದ ದಿನ ಅಲ್ಲ, ಒಂದ ದೊಡ್ಡ ಯುಗ."

"ಬೆಳಗಾತು ಬೈಗಾತು ಅಂತ ವಾಕ್ಯದಾಗ ಐತಿಲ್ಲೋ?" ಸಾತಪ್ಪ ಮೈಮೇಲೆ ಬಂದವನಂತೆ ಕೇಳಿದ. "ದಿನ ಅಂದ್ರ ದಿನ. ನೀ ಯಾರು ಅದನ್ನ ಜಗ್ಗಿ ಉದ್ದ ಮಾಡಾಂವ?"

"ಸಿಟ್ಟಾಗಬ್ಯಾಡ್ರಿ ಕಾಕಾ. ಸೂರ್ಯನ್ನ ನಾಕನೇ ದಿನಕ್ಕ ಇಟ್ಟಾನ ದೇವರು. ಹಂಗಾದ್ರ ಮೊದಲಿನ ಮೂರು ದಿನಾನ ಯಾವ ಸೂರ್ಯನ್ನ ನೋಡಿ ಎಣಿಸೂದ್ರಿ?"

ತನ್ನ ಗಂಡನನ್ನು ಹೀಗೆ ಸುಮ್ಮನಾಗಿಸಿದವರನ್ನು ಉದ್ದವ್ವ ಅದುವರೆಗೂ ಕಂಡಿರಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಪಾಪ. ಆದರೆ ಆ ನಗು ಸಾತಪ್ಪನ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತು. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ.

ಅದರ ಮೇಲೆ ಪಾದ್ರಿ ಸಾಹೇಬರು ಹೊಸದೊಂದು ಹೇಳಿಕೆ ಕಳಿಸಿದರು. ಈ ಬೇಸಿಗೆಯ ಕೂಟದಲ್ಲಿ ಇಬ್ಬರೂ ಹಾಡಲಿ, ಸವಾಲ್-ಜವಾಬ್ ನಡೆಯಲಿ. ಗೆದ್ದ ಪದವನ್ನೇ ಇನ್ನು ಮುಂದೆ ಕೂಟದ ಮೊದಲಿಗೆ ಹಾಡುವುದು. "ದೇವರು ಮಾಡಿದನೆಂಬುದರಲ್ಲಿ ಇಬ್ಬರದೂ ಒಂದೇ ಮಾತು, ಜಗಳ ಬೇಡ," ಎಂದೂ ಸೇರಿಸಿದ್ದರು. ಜಗಳ ಬೇಡವಂತೆ! ಮನೆಗೆ ಬೆಂಕಿ ಹಚ್ಚಿ, ಹೊಗೆ ಮಾಡಬೇಡಿ ಅಂದಹಾಗೆ.

ಕೂಟಕ್ಕೆ ಮೊದಲೇ ಸಾತಪ್ಪ ಒಬ್ಬನೇ ಗೋಕಾಕಕ್ಕೆ ಹೋದ. ಅವನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಕಲ್ಲಿನ ಮೇಲಿನ ಅಲೆಯ ಗುರುತು ನೋಹನ ಕಾಲದ ಜಲಪ್ರಳಯದ್ದು ಅಂದುಬಿಟ್ಟರೆ? ಲೋಕವೆಲ್ಲ ಮುಳುಗಿದ ನೀರು ಗೋಕಾಕದ ಬಂಡೆಯನ್ನು ಬಿಟ್ಟೀತೇ? ಆರು ಸಾವಿರ ವರ್ಷವೂ ಉಳಿಯಿತು, ಹುಡುಗನ ಕಲ್ಲೂ ತನ್ನದಾಯಿತು. ಹಿಗ್ಗಿನಿಂದ ಬಂಡೆಯ ಮೇಲೆಲ್ಲ ಓಡಾಡಿ ನೋಡಿದ.

ಬಂಡೆಯ ಅಂಚು ಒಡೆದು ಜಾರಿದ ಕಡೆ ಬಂದಾಗ ಅವನ ಕಾಲು ನಿಂತಿತು. ಮೇಲಿನ ಪದರಿನಲ್ಲಿ ಅಲೆಯ ಗುರುತಿತ್ತು. ಅದರ ಕೆಳಗಿನ ಪದರಿನಲ್ಲೂ ಇತ್ತು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಂದರ ಅಲೆ ಮೂಡಲಕ್ಕೆ ಮುಖ ಮಾಡಿದ್ದರೆ ಇನ್ನೊಂದರದು ಬಡಗಣಕ್ಕೆ. ಸಾತಪ್ಪ ಹೊಳೆದಂಡೆಯಲ್ಲಿ ಬೆಳೆದವನು. ಒಮ್ಮೆ ಬಂದ ಮಹಾಪೂರ ಉಸುಕಿನ ಮೇಲೆ ಒಂದೇ ಸಲ ಗೀರಿ ಹೋಗುತ್ತದೆಂಬುದು ಅವನಿಗೆ ಗೊತ್ತು. ಇದು ಬಂದು ಹೋದ ನೀರು, ಮತ್ತೆ ಬಂದ ನೀರು, ಲೆಕ್ಕವಿಲ್ಲದಷ್ಟು ಸಲ ಬಂದ ನೀರು. ಪ್ರಳಯ ಎಷ್ಟು ಸಲ ಆದೀತು?

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕೂತು, ಹುಡುಗ ಹೇಳಿದ್ದು ಖರೆ ಅನ್ನುತ್ತಿದ್ದರು. ಸಾತಪ್ಪನಿಗೆ ಮೊದಲು ಹೊಳೆದದ್ದು ಅದಲ್ಲ. "ಇದು ಅವನಿಗೆ ಗೊತ್ತಿಲ್ಲ!" ಎಂದು ಬಂಡೆಯ ಮೇಲೆ ನಿಂತು ಗಟ್ಟಿಯಾಗಿ ನಕ್ಕ. ಉದುರಿದ ಚೂರೊಂದನ್ನು ಹೊತ್ತು ತಿರುಗುವವನು ಅಂಚಿಗೆ ಬಗ್ಗಿ ನೋಡಿಲ್ಲ. ನೋಡಿದ್ದರೆ ಈ ಪದರಿನ ಮಾತು ಅಂದೇ ಹೇಳುತ್ತಿದ್ದ. ಗೀಗೀ ಹಾಡುವವರಲ್ಲಿ ಒಂದು ಕಟ್ಟಳೆ ಇದೆ: ಸವಾಲು ಹಾಕುವವನಿಗೆ ಅದರ ಜವಾಬು ಗೊತ್ತಿರಬೇಕು, ಇಲ್ಲದಿದ್ದರೆ ಅದು ಪೊಳ್ಳು ಸವಾಲು. ಸಾತಪ್ಪನಿಗೆ ಜವಾಬು ಗೊತ್ತಿತ್ತು, ದಾನಿಯೇಲನಿಗೆ ಗೊತ್ತಿರಲಿಲ್ಲ. ಇನ್ನೇನು ಬೇಕು? ಹುಡುಗನನ್ನು ಅವನ ಕಲ್ಲಿನಿಂದಲೇ ಹೊಡೆಯುವ ಸವಾಲು ಕಟ್ಟಿಕೊಂಡು ಊರಿಗೆ ಬಂದ. ಅಂದು ರೊಟ್ಟಿ ಕೇಳಿ ಕೇಳಿ ಹಾಕಿಸಿಕೊಂಡು ಉಂಡ. ಹೊಟ್ಟೆಕಿಚ್ಚು ಮನುಷ್ಯನ ಕಣ್ಣು ಕಟ್ಟುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೂಟದ ದಿನ ಬಂಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೊದಲು ಸಾತಪ್ಪ ಆರು ದಿನದ ಪದ ಹಾಡಿದ, ಜನ ತಲೆದೂಗಿದರು. ದಾನಿಯೇಲ ಆರು ಯುಗದ ಪದ ಹಾಡಿದ, ಜನ ಉಸಿರು ಬಿಗಿಹಿಡಿದು ಕೇಳಿದರು. ಆ ಎರಡರ ನಡುವಿನ ಅಂತರ ಸಾತಪ್ಪನಿಗೆ ಚೆನ್ನಾಗಿ ತಿಳಿಯಿತು. ದಪ್ಪು ಎತ್ತಿ ಸವಾಲು ಒಗೆದ:

ನೀರಿನ ಗುರುತ ನನಗೂ ಕಂಡೈತಿ, ನೋಹನ ನೀರ ಅಂತೇನಿ,
ಒಂದ ಪ್ರಳಯದ್ದಲ್ಲ ಅಂತಿದ್ರ ಕಲ್ಲಾಗ ಕುರುಹ ತೋರ ನೀ!

ಉದ್ದವ್ವ, ಯಲ್ಲಾರಿ 'ಜೀ ಜೀ' ಎಂದು ಎತ್ತಿಕೊಂಡರು. ದಾನಿಯೇಲ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ತನ್ನ ಕಲ್ಲನ್ನು ತಿರುವಿ ತಿರುವಿ ನೋಡಿದ. ಕೊನೆಗೆ ಕೈಮುಗಿದು, "ನನಗ ತಿಳೀವಲ್ದು ಕಾಕಾ. ಸೋತೇನಿ," ಎಂದು ಕೆಳಗೆ ಕೂತ. ಸಾತಪ್ಪನ ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಇಳಿದಂತಾಯಿತು. ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದ.

ಆಗ ಸೋಮಪ್ಪ ಮುದುಕ ಎದ್ದ. "ಭಲೇ ಸಾತಪ್ಪಾ! ಇನ್ನ ನೀನ ಬಿಡಸು. ಸೋತಾಂವ ಕುಂತ ಮ್ಯಾಲ ಸವಾಲ ಹಾಕಿದಾಂವ ಜವಾಬು ಬಿಡಸಬೇಕು. ಕುರುಹ ಐತೋ ಇಲ್ಲೋ? ಇದ್ರ ತೋರಸು."

ಆಗ ನೋಡಿ, ಸಾತಪ್ಪನಿಗೆ ತಾನು ಏನು ಮಾಡಿಕೊಂಡೆನೆಂಬುದು ಹೊಳೆಯಿತು. ಜವಾಬು ಅವನ ಬಾಯಲ್ಲೇ ಇತ್ತು, ಆದರೆ ಅದು ದಾನಿಯೇಲನ ಕಡೆಯ ಜವಾಬು! 'ಅಯ್ಯೋ ಶಿವನೇ' ಎಂದು ಹಳೆಯ ರೂಢಿಯ ಮಾತು ಹೊರಬೀಳುವುದರಲ್ಲಿತ್ತು, ನಾಲಗೆ ಕಚ್ಚಿಕೊಂಡ. ಕುರುಹು ಇಲ್ಲ ಅಂದರೆ ಸವಾಲು ಪೊಳ್ಳಾಗಿ, ದಪ್ಪು ಕೆಳಗಿಟ್ಟು ಹೋಗಬೇಕು. ಇದೆ ಅಂದರೆ ಆರು ಸಾವಿರ ವರ್ಷವನ್ನು ಕೈಯಾರೆ ಹೂಳಬೇಕು. ಅತ್ತ ದರಿ, ಇತ್ತ ಪುಲಿ.

ದಾನಿಯೇಲನತ್ತ ನೋಡಿದ. ಆ ಹುಡುಗ ಮುಖ ಮೇಲೆತ್ತಿ, ಬಾಯಿ ಅರೆ ತೆರೆದು, ಜವಾಬಿಗಾಗಿ ಕಾಯುತ್ತಿದ್ದ. ಸೋತವನ ಮುಖದಲ್ಲಿ ಸೋಲೇ ಇಲ್ಲ, ತಿಳಿದುಕೊಳ್ಳುವ ಆಸೆ ಒಂದೇ. ಇವನಿಗೆ ಹೊಟ್ಟೆಕಿಚ್ಚೇ ಇಲ್ಲವಲ್ಲ! ಅದಕ್ಕೂ ಸಾತಪ್ಪನಿಗೆ ಹೊಟ್ಟೆಕಿಚ್ಚಾಯಿತು. ಇಂಥವನ ಮುಂದೆ ದಪ್ಪು ಕೆಳಗಿಡುವುದೇ? ಪ್ರಾಣ ಹೋದರೂ ಇಲ್ಲ. ಕೈ ತಾನಾಗಿಯೇ ಬಡಿಯಿತು:

ಅಂಚಿಗಿ ಬರ್ರಿ, ಬಗ್ಗಿ ನೋಡರಿ, ಪದರಿನ ಕೆಳಗ ಪದರೈತಿ,
ಪದರ ಪದರಕ ತೆರಿಯ ಗುರುತ, ಒಂದೊಂದು ದಿಕ್ಕಿಗಿ ಮುಖ ಐತಿ,
ಒಮ್ಮಿ ಬಂದ ನೀರ ಒಮ್ಮಿ ಬರಿತೈತಿ, ಇದು ಎಣಿಕಿ ಇಲ್ಲದ ನೀರೈತಿ!

ಉದ್ದವ್ವ ಒಂದು ಗಳಿಗೆ ತಾಳ ಮರೆತಳು. ಆಮೇಲೆ ಅವಳೂ ಯಲ್ಲಾರಿಯೂ ಅದನ್ನೇ ಎತ್ತಿಕೊಂಡು ಹಾಡಿದರು. ಹಿಮ್ಮೇಳದವರಿಗೆ ಬೇರೇನು ಮಾಡಲಿಕ್ಕೆ ಬರುತ್ತದೆ? ಜನ ಎದ್ದು ಅಂಚಿಗೆ ಓಡಿದರು, ಬಗ್ಗಿದರು, ಬೆರಳಿಟ್ಟು ನೋಡಿದರು. "ಅಲ್ಲೋ, ಇಂವಾ ಗೆದ್ದು ಆ ಹುಡುಗನ ಪದಾ ಗೆಲ್ಲಿಸಿದ್ನಲ್ಲೋ!" ಎಂದು ಯಾರೋ ನಕ್ಕರು. ಸೋಮಪ್ಪ ಮಾತ್ರ ನಗಲಿಲ್ಲ. ತನ್ನ ರುಮಾಲಿನ ತುರಾಯಿ ಬಿಚ್ಚಿ ಸಾತಪ್ಪನ ದಪ್ಪಿಗೆ ಕಟ್ಟಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನೇ.

ಬುತ್ತಿ ಬಿಚ್ಚುವ ಹೊತ್ತಿಗೆ ದಾನಿಯೇಲ ಹತ್ತಿರ ಬಂದು ಕೂತ. "ಕಾಕಾ, ಇದು ನನ್ನ ಕಣ್ಣಿಗೆ ಬೀಳಲೇ ಇಲ್ರಿ. ಪದರಿನ ಪದಾನ ಪೂರಾ ಮಾಡಿ ನನಗ ಕಲಸ್ರಿ. ನನ್ನ ಪದ ಬಿಡ್ತೇನಿ, ಇದನ್ನ ಹಾಡ್ತೇನಿ."

ಸಾತಪ್ಪ ಮುರಿದ ರೊಟ್ಟಿಯನ್ನು ತಿರುಗಿ ಬುತ್ತಿಗೇ ಹಾಕಿದ.

"ಕಲಸ್ತೇನಿ," ಎಂದ. "ಆದರ ನನ್ನ ಕಿವಿಗಿ ಬೀಳೂಹಂಗ ಹಾಡಬ್ಯಾಡ. ನಿನ್ನ ದನಿ ನನಕಿಂತ ಚಲೋ ಐತಿ. ನನಗ ತಡಕೊಳ್ಳಾಕ ಆಗೂದಿಲ್ಲ. ನಾ ಹ್ವಾದ ಮ್ಯಾಲ ಹಾಡು."

ದಾನಿಯೇಲ ಚೇಷ್ಟೆ ಎಂದುಕೊಂಡು ನಕ್ಕ. ಸಾತಪ್ಪನ ಕಣ್ಣು ನೋಡಿ ನಗು ನಿಲ್ಲಿಸಿದ.

ಚಕ್ಕಡಿ ಹೂಡುವವರೆಗೆ ಅದೇ ಬಂಡೆಯ ಮೇಲೆ ಕೂತು ಸಾತಪ್ಪ ಪದವನ್ನು ಪೂರಾ ಕಟ್ಟಿ ಕಲಿಸಿದ. ಹುಡುಗ ಮಾತಿಗೆ ತಪ್ಪಲಿಲ್ಲ. ಸಾತಪ್ಪ ಮುಂದೆಯೂ ಬಹಳ ವರ್ಷ ಬದುಕಿದ. ಆರು ದಿನದ ಪದ ಹಾಡಲು ಅವನಿಗೆ ಬಾಯಿ ಬರಲಿಲ್ಲ, ಪದರಿನ ಪದ ಹಾಡಲು ಮನಸ್ಸು ಬರಲಿಲ್ಲ. ಅಷ್ಟೂ ವರ್ಷ ಬೇಸಿಗೆಯ ಕೂಟ ಸೃಷ್ಟಿಯ ಪದವಿಲ್ಲದೆಯೇ ಶುರುವಾಯಿತು. ಪಾದ್ರಿ ಸಾಹೇಬರು ಕೇಳಿ ಕೇಳಿ ಬೇಸತ್ತು ಸುಮ್ಮನಾದರು.

ಅವನು ತೀರಿಕೊಂಡ ಬೇಸಿಗೆಯಲ್ಲಿ ದಾನಿಯೇಲ ಬಂಡೆಯ ಮೇಲೆ ನಿಂತು ಹಾಡಿದ. ಅವನ ಕೂದಲೂ ಆಗ ಅಲ್ಲಲ್ಲಿ ನರೆತಿತ್ತು. ಉದ್ದವ್ವ ಹಿಂದೆ ನಿಂತು ತಾಳ ಹಾಕಿದಳು. ಹಾಡು ಮುಗಿದ ಮೇಲೆ ಅವನ ತೋಳು ಹಿಡಿದುಕೊಂಡು, "ಅಂವಾ ಹೇಳಿದ್ದು ಖರೆ ಐತಿ ತಮ್ಮಾ, ನಿನ್ನ ದನೀನ ಚಲೋ ಐತಿ," ಎಂದು ಗಟ್ಟಿಯಾಗಿ ಅತ್ತಳು.